ಸಹಾಯ ಬೇಕು: ರಿವರ್ಸ್ ಲೂಪ್‌ನಲ್ಲಿ ಉದ್ದದ ಗೂಡ್ಸ್ ಓಡುತ್ತಿಲ್ಲ

ನಮಸ್ಕಾರ ಗೆಳೆಯರೇ, ನಾನು ಬಳ್ಳಾರಿಯವನು. ತೋರಣಗಲ್ಲು ಕಡೆಯ ಅದಿರು ಗೂಡ್ಸ್ ನೋಡಿಕೊಂಡೇ ಬೆಳೆದವನು. ಅದನ್ನೇ ಮಾಡೆಲ್ ರೈಲಾಗಿ ಎಚ್‌ಓ ಸ್ಕೇಲ್‌ನಲ್ಲಿ, ಅಂದರೆ 1:87 ಅಳತೆಯಲ್ಲಿ, ಮನೆಯಲ್ಲಿ ಕಟ್ಟುತ್ತಿದ್ದೇನೆ. ವ್ಯಾಗನ್‌ಗಳಿಗೆ ಕೆಂಧೂಳಿನ ಬಣ್ಣ ಹಚ್ಚಿದ ಮೇಲೆ ಥೇಟ್ ನಮ್ಮೂರ ಗಾಡಿನೇ!

ಮಾಮೂಲಿ 12 ವೋಲ್ಟ್ ಡಿಸಿ ಲೇಔಟ್. ಗಾಡಿ ಸುತ್ತಿ ಅದೇ ಹಳಿಗೆ ವಾಪಸ್ ಬರಲು ಒಂದು ರಿವರ್ಸ್ ಲೂಪ್ ಇದೆ. ಹಳಿ ಸುತ್ತಿ ಬಂದು ತನ್ನನ್ನೇ ಸೇರಿದರೆ ಶಾರ್ಟ್ ಆಗುತ್ತದೆ ಅಲ್ವಾ, ಅದಕ್ಕೆ ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿಗೆ ಕರೆಂಟ್ ದಾಟದ ಪ್ಲಾಸ್ಟಿಕ್ ಜಾಯಿನರ್ ಹಾಕಿದ್ದೇನೆ. ಅವು ಪಾಯಿಂಟ್‌ನಿಂದ (ಹಳಿ ಕವಲೊಡೆಯುವ ಜಾಗ) ಸ್ವಲ್ಪ ಒಳಗಿವೆ. ಗಾಡಿ ಲೂಪಿನಲ್ಲಿರುವಾಗ ಡಿಪಿಡಿಟಿ ಸ್ವಿಚ್‌ನಿಂದ (ಪ್ಲಸ್-ಮೈನಸ್ ಅದಲುಬದಲು ಮಾಡುವ ಸ್ವಿಚ್) ಮೇನ್ ಲೈನಿನ ಪೋಲಾರಿಟಿ ಬದಲಿಸುತ್ತೇನೆ.

ಇಂಜಿನ್ ಒಂದೇ ಬಿಟ್ಟರೆ ಸಲೀಸಾಗಿ ಸುತ್ತಿ ಬರುತ್ತದೆ. ಪೂರ್ತಿ ರೇಕ್, ಅಂದರೆ ಎಲ್ಲ ವ್ಯಾಗನ್‌ಗಳ ಸಾಲು, ಜೋಡಿಸಿದರೆ ಮಾತ್ರ ಕಷ್ಟ. ಇಂಜಿನ್ ಹೊರಹೋಗುವ ಜಾಯಿಂಟ್ ಮುಟ್ಟುವ ಹೊತ್ತಿಗೆ ಕೊನೆಯ ವ್ಯಾಗನ್ ಇನ್ನೂ ಒಳಬರುವ ಜಾಯಿಂಟ್ ಮೇಲೇ ಇರುತ್ತದೆ. ಸ್ವಿಚ್ ತಿರುಗಿಸಿದ ಕೂಡಲೇ ಪವರ್ ಪ್ಯಾಕಿನ ಕೆಂಪು ದೀಪ ಹತ್ತಿ ಎಲ್ಲ ನಿಲ್ಲುತ್ತದೆ. ಹಳಿ, ಚಕ್ರ ಎಲ್ಲ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಮಲ್ಟಿಮೀಟರ್ ಹಿಡಿದು ವೈರಿಂಗ್ ನೋಡಿದೆ, ಸರಿಯಿದೆ. ವ್ಯಾಗನ್‌ಗಳ ಲೋಹದ ಚಕ್ರವೇ ಜಾಯಿಂಟ್ ಮೇಲೆ ಎರಡೂ ಕಡೆಯ ಹಳಿ ಕೂಡಿಸುತ್ತಿದೆ ಅಂತ ನನ್ನ ಅನುಮಾನ.

ಲೂಪ್ ದೊಡ್ಡದು ಮಾಡಲು ಜಾಗವಿಲ್ಲ. ಪ್ಲಾಸ್ಟಿಕ್ ಚಕ್ರ ಹಾಕಿದರೆ ಹಳಿ ಮೇಲೆ ಕೊಳೆ ಜಾಸ್ತಿ ಕೂರುತ್ತದೆ ಅಂತಾರೆ, ಈ ಊರಿನ ಧೂಳಿಗೆ ಅದೇ ಭಯ.

ಜಾಯಿನರ್‌ಗಳನ್ನು ಪಾಯಿಂಟ್ ಹತ್ತಿರಕ್ಕೆ ಸರಿಸಿ ಅವುಗಳ ನಡುವಿನ ಹಳಿ ಉದ್ದ ಮಾಡಿದರೆ ಸಾಕಾ, ಇಲ್ಲಾ ಚಕ್ರ ಬದಲಿಸಲೇಬೇಕಾ? ಡಿಸಿಯಲ್ಲಿ ಉದ್ದದ ರೇಕ್ ಓಡಿಸುವವರು ದಯವಿಟ್ಟು ಹೇಳಿ.