ಎಲ್ಲ ಕೆಲಸವನ್ನೂ ನಾನೇ ಮಾಡುತ್ತಿದ್ದರೆ ವ್ಯಾಪಾರ ಬೆಳೆಸಲು ಸಮಯ ಎಲ್ಲಿಂದ?

ಪ್ರಶ್ನೆ:
ನಮಸ್ಕಾರ. ನಾನು ಮೈಸೂರಿನಲ್ಲಿ ಸಾಂಬಾರುಪುಡಿ, ಚಟ್ನಿಪುಡಿ ತಯಾರಿಸಿ ಅಂಗಡಿಗಳಿಗೆ ಕೊಡುತ್ತೇನೆ. ಬೇಡಿಕೆ ಹೆಚ್ಚುತ್ತಿದ್ದರೂ, ಮೆಣಸಿನಕಾಯಿ ಹುರಿಯುವುದರಿಂದ ಹಿಡಿದು ಬಾಕಿ ವಸೂಲಿಗೆ ಅಲೆಯುವವರೆಗೆ ಎಲ್ಲವನ್ನೂ ನಾನೇ ಮಾಡುವುದರಿಂದ ಹೊಸ ಅಂಗಡಿಗಳನ್ನು ಹುಡುಕಲು ಸಮಯವೇ ಉಳಿಯುವುದಿಲ್ಲ. ಜಿಎಸ್‌ಟಿ ಲೆಕ್ಕ ಬೇರೆ. ಮೊದಲು ಯಾವುದನ್ನು ಕೈಬಿಡಲಿ?

ಉತ್ತರ 1:
ಹುರಿಯುವ ಹದ ನಿಮ್ಮ ಕೈಯಲ್ಲೇ ಇರಲಿ ಮೇಡಂ, ಗ್ರಾಹಕರು ಬರುವುದೇ ಆ ರುಚಿಗಾಗಿ. ತೊಟ್ಟು ಬಿಡಿಸುವುದು, ತೂಕ ಮಾಡುವುದು, ಪೊಟ್ಟಣಕ್ಕೆ ಸೀಲ್ ಹಾಕುವುದು ಕಲಿಸಿದರೆ ಬರುವ ಕೆಲಸಗಳು. ಅವಕ್ಕೆ ಅರ್ಧ ದಿನದ ಕೂಲಿಗೆ ಒಬ್ಬರನ್ನು ಇಟ್ಟುಕೊಳ್ಳಿ. ಅದಕ್ಕೂ ಮೊದಲು ಪ್ರತಿ ಪುಡಿಯ ಅಳತೆಯನ್ನು ಗ್ರಾಂ ಲೆಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಒಂದು ಹಿಡಿ ಕೊತ್ತಂಬರಿ’ ಎನ್ನುವವರೆಗೆ ಕೆಲಸ ಇನ್ನೊಬ್ಬರ ಕೈಗೆ ದಾಟುವುದಿಲ್ಲ.

ಉತ್ತರ 2:
ತೆರಿಗೆಯ ಬಗ್ಗೆ ಹೇಳುವುದಾದರೆ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಯೊಳಗಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದಾದ ಕ್ಯೂಆರ್‌ಎಂಪಿ ಯೋಜನೆ 2021ರ ಜನವರಿಯಿಂದ ಜಾರಿಯಲ್ಲಿದೆ. ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ವಹಿವಾಟು 1.5 ಕೋಟಿಯೊಳಗಿದ್ದರೆ ಕಾಂಪೊಸಿಷನ್ ಯೋಜನೆ (ಒಟ್ಟು ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವುದು) ಇನ್ನೂ ಹಗುರ: ಪಾವತಿ ಮೂರು ತಿಂಗಳಿಗೊಮ್ಮೆ, ರಿಟರ್ನ್ ವರ್ಷಕ್ಕೊಮ್ಮೆ. ಆದರೆ ಅದರಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಗೆ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ (ಕ್ರೆಡಿಟ್) ಕೂಡ ಸಿಗುವುದಿಲ್ಲ. ಮುಂದೆ ಚೆನ್ನೈಗೋ ಮುಂಬೈಗೋ ಕಳುಹಿಸುವ ಆಲೋಚನೆಯಿದ್ದರೆ ಮೊದಲನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 3:
ವಸೂಲಿಗೆ ಪ್ರತ್ಯೇಕ ಓಡಾಟ ಬೇಡ. ಹೊಸ ಸರಕು ಇಳಿಸುವಾಗಲೇ ಹಿಂದಿನ ಬಿಲ್ಲಿನ ಹಣ ಪಡೆಯಿರಿ, ಬಿಲ್ಲಿನ ಮೇಲೆ ಯುಪಿಐ ಕ್ಯೂಆರ್ ಮುದ್ರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಅಳತೆ ಬರೆಯುವುದರಿಂದಲೇ ಆರಂಭಿಸುತ್ತೇನೆ.