ಅಪ್‌ಡೇಟ್: ಸಿ6 ಕಾರ್ಡ್ ಕೊನೆಗೂ ಸಿ6 ಥರ ಕೇಳಿಸ್ತಿದೆ

ಹೋದ ವಾರ ಕೇಳಿದ್ದೆನಲ್ಲ, ಗಿಟಾರ್‌ನಲ್ಲಿ ಸಿ6 ಕಾರ್ಡ್ (ಸಿ, ಇ, ಜಿ, ಎ ನಾಲ್ಕೂ ಸ್ವರ ಒಟ್ಟಿಗೆ) ಹಿಡಿದ್ರೆ ಎ ಮೈನರ್ ಕಾರ್ಡ್ ಥರಾನೇ ಕೇಳುತ್ತೆ, ಎಲ್ಲಿ ತಪ್ಪಾಗ್ತಿದೆ ಅಂತ. ಬಗೆಹರೀತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ್ದನ್ನೆಲ್ಲ ನೋಡಿದೆ. ಹೊಸ ತಂತಿ ಹಾಕಿದೆ, ಸದ್ದು ಚೆನ್ನಾಯ್ತು, ಗೊಂದಲ ಹಾಗೇ ಉಳೀತು. 8ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಅಡ್ಡಪಟ್ಟಿ) ಹತ್ರ ಸಿ6 ಹಿಡಿಯೋ ಇನ್ನೊಂದು ರೀತಿಯಲ್ಲಿ 5ನೇ ತಂತಿ ಮ್ಯೂಟ್ ಮಾಡೋದು, ಅಂದ್ರೆ ಸದ್ದು ಬರದಂತೆ ತಡೆಯೋದು, ಇನ್ನೂ ಕೈಗೆ ಬಂದಿಲ್ಲ. ಕೆಲಸಕ್ಕೆ ಬಂದಿದ್ದು ‘ಒಂದೊಂದೇ ತಂತಿ ಮೀಟಿ ಸ್ವರ ಬರ್ಕೊಳ್ಳಿ’ ಅಂದವರ ಮಾತು. ನಾನು ಹಿಡೀತಿದ್ದದ್ದು 5ನೇ ತಂತಿ 3ನೇ ಫ್ರೆಟ್, 4 ಮತ್ತು 3ನೇ ತಂತಿ 2ನೇ ಫ್ರೆಟ್, 2ನೇ ತಂತಿ 1ನೇ ಫ್ರೆಟ್, 1ನೇ ತಂತಿ ಖಾಲಿ. ಬರೆದು ನೋಡಿದ್ರೆ ಸಿ, ಇ, ಎ, ಸಿ, ಇ. ಜಿ ಎಲ್ಲೂ ಇಲ್ಲ! ಈ ಮೂರೇ ಸ್ವರ ಅಂದ್ರೆ ಅದು ಎ ಮೈನರೇ. ಕಿರುಬೆರಳನ್ನ 1ನೇ ತಂತಿಯ 3ನೇ ಫ್ರೆಟ್‌ಗೆ ಇಟ್ಟೆ, ಜಿ ಬಂತು, ಕಾರ್ಡ್ ಅರಳ್ತು. ನಡುಬೆರಳು ಎರಡು ತಂತಿ ಒಟ್ಟಿಗೆ ಒತ್ತಬೇಕು, ಎರಡು ದಿನ ಬೆರಳ ತುದಿ ಉರೀತು.

ಸಿ ಷಡ್ಜ ಅಂತಿಟ್ಕೊಂಡ್ರೆ ಸ ಗ ಪ ಜೊತೆಗೆ ಚತುಶ್ರುತಿ ಧೈವತ (ಎ), ಅದೇ ‘6’. ಆಶ್ಚರ್ಯ ಆಗಿದ್ದು ಸಿ ಮೈನರ್ 6 ಕಾರ್ಡ್‌ನಲ್ಲೂ ಅದೇ ಧೈವತ ಅಂತ ಗೊತ್ತಾದಾಗ. ಇನ್ನೊಂದು, ಸಿ6 ಮತ್ತು ಎ ಮೈನರ್ 7 ಎರಡರಲ್ಲೂ ಇರೋದು ಅದೇ ನಾಲ್ಕು ಸ್ವರ. ಕೆಳಗೆ ಬೇಸ್ ಸಿ ಹಿಡಿದ್ರೆ ಒಂದು, ಎ ಹಿಡಿದ್ರೆ ಇನ್ನೊಂದು.

ಜಿ6 ಬೇಕಾದವರಿಗೆ: 6ನೇ ತಂತಿ 3, 5ನೇ ತಂತಿ 2, ಉಳಿದ ನಾಲ್ಕೂ ಖಾಲಿ.