ಸಹಾಯ ಬೇಕು: ಸುಮೇರಿಯನ್ ವಾಕ್ಯಕ್ಕೆ ಯಾವ ಕಾಲದ ಬರವಣಿಗೆ ಸರಿ?

ನಮಸ್ಕಾರ. ‘ಮಗ ತನ್ನ ಅಮ್ಮನಿಗೆ ಮನೆ ಕಟ್ಟಿದ’ ಎಂಬ ವಾಕ್ಯವನ್ನು ಹಸಿ ಜೇಡಿಮಣ್ಣಿನ ಫಲಕದ ಮೇಲೆ ಸುಮೇರಿಯನ್ ಭಾಷೆಯಲ್ಲಿ (ಇಂದಿನ ಇರಾಕ್ ಪ್ರದೇಶದ ಪ್ರಾಚೀನ ಭಾಷೆ), ಬೆಣೆಯಾಕಾರದ ಗುರುತುಗಳ ಲಿಪಿಯಾದ ಕ್ಯೂನಿಫಾರ್ಮ್‌ನಲ್ಲಿ ಒತ್ತಬೇಕಿದೆ. ಆನ್‌ಲೈನ್ ಪರಿವರ್ತಕಗಳನ್ನು ನೋಡಿದ್ದಾಯಿತು. ಅವು ಇಂಗ್ಲಿಷ್ ಅಕ್ಷರಗಳ ಉಚ್ಚಾರಕ್ಕೆ ಚಿಹ್ನೆ ಜೋಡಿಸಿ ಕೊಡುತ್ತವೆ ಅಷ್ಟೇ, ಅನುವಾದ ಮಾಡುವುದಿಲ್ಲ. ಹಾಗಾಗಿ ಪೆನ್ಸಿಲ್ವೇನಿಯಾದ ಸುಮೇರಿಯನ್ ನಿಘಂಟು ಇಟ್ಟುಕೊಂಡು ಕೈಯಾರೆ ಕಟ್ಟಿದ್ದು ಇದು:

ದುಮು-ಎ ಅಮ-ಅ-ನಿ-ಇರ್ ಎ2 ಮು-ನ-ಅನ್-ದು3

ಪದಗಳ ಕ್ರಮ ಕನ್ನಡದ ಹಾಗೇ ಇದೆ. ‘ಎ’ ಕಟ್ಟಿದವನನ್ನು ತೋರಿಸುವ ಪ್ರತ್ಯಯ, ‘ಇರ್’ ನಮ್ಮ ‘ಗೆ’, ಕ್ರಿಯಾಪದದೊಳಗಿನ ‘ನ’ ಅಂದರೆ ‘ಅವಳಿಗೆ’, ‘ಅನ್’ ಅಂದರೆ ಕಟ್ಟಿದ ‘ಅವನು’. ಅಂಕಿಗಳನ್ನು ಬಿಡುವ ಹಾಗಿಲ್ಲ: ‘ದು3’ ಅಂದರೆ ಕಟ್ಟು, ಬರೀ ‘ದು’ ಅಂತ ಹುಡುಕಿದರೆ ‘ಹೋಗು’ ಎಂಬ ಬೇರೆಯೇ ಚಿಹ್ನೆ ಬರುತ್ತದೆ.

ತೊಡಕು ಇಲ್ಲಿದೆ. ಕ್ರಿ.ಪೂ. 2100ರ ಸುಮಾರಿನ, ಉರ್ ನಗರದ ರಾಜ ಉರ್-ನಮ್ಮುವಿನ ಇಟ್ಟಿಗೆ ಶಾಸನಗಳಲ್ಲಿ ‘ಲುಗಲ್-ಅ-ನಿ … ಮು-ನ-ದು3’ (‘ತನ್ನ ಒಡೆಯನಿಗೆ … ಕಟ್ಟಿದ’) ಅಂತಷ್ಟೇ ಇದೆ. ‘ಇರ್’ ಇಲ್ಲ, ‘ಅನ್’ ಕೂಡ ಇಲ್ಲ, ಓದುವವನೇ ಸೇರಿಸಿಕೊಳ್ಳಬೇಕು. ಇವೆರಡನ್ನೂ ಬಿಡಿಸಿ ಬರೆಯುವ ರೂಢಿ ಗಟ್ಟಿಯಾದದ್ದು ಮುಂದಿನ ಹಳೆ ಬ್ಯಾಬಿಲೋನಿಯನ್ ಕಾಲದಲ್ಲಿ (ಸುಮಾರು ಕ್ರಿ.ಪೂ. 2000–1600). ನಾನು ಒತ್ತುವ ಚಿಹ್ನೆಗಳ ಆಕಾರ ಮಾತ್ರ ಉರ್-ನಮ್ಮು ಕಾಲದ್ದು. ಯೂನಿಕೋಡ್‌ನಲ್ಲಿ ಸಂಕೇತ ಒಂದೇ ಆದರೂ ಫಾಂಟ್ ಬದಲಾದರೆ ಚಿಹ್ನೆಯ ಆಕಾರವೇ ಬೇರೆ ಕಾಲದ್ದಾಗುತ್ತದೆ, ಹಾಗಾಗಿ ಆಕಾರ ಬದಲಿಸುವ ಮನಸ್ಸಿಲ್ಲ.

ಬಲ್ಲವರು ದಯವಿಟ್ಟು ಹೇಳಿ: ಈ ಆಕಾರಕ್ಕೆ ‘ಅಮ-ಅ-ನಿ ಎ2 ಮು-ನ-ದು3’ ಅಂತ ಮೊಟಕಾಗಿ ಬರೆಯುವುದೇ ಸರಿಯೇ? ‘ಇರ್’ ಒಂದನ್ನು ಮಾತ್ರ ಉಳಿಸಿಕೊಂಡರೆ ಆ ಕಾಲದ ಬರವಣಿಗೆಗೆ ತಪ್ಪಾಗುತ್ತದೆಯೇ?